ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕ್ರೈಸ್ತ ಮಿಷನ್‌ಗಳು: ಊರಾಚೆಯ ಕೇರಿಯ ಚರಿತ್ರೆಯ ಎರಡು ಘಟ್ಟಗಳು

ಕರ್ನಾಟಕದಲ್ಲಿ ಕ್ರೈಸ್ತ ಮಿಷನರಿಗಳ ಕಾರ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮೂರು ಕೇಂದ್ರಗಳ ಸುತ್ತ ಬೆಳೆದಿವೆ. ಮಂಗಳೂರು ಮತ್ತು ಧಾರವಾಡದ ಬಾಸೆಲ್ ಮಿಷನ್, ಬಳ್ಳಾರಿಯ ಲಂಡನ್ ಮಿಷನ್, ಮೈಸೂರಿನ ವೆಸ್ಲಿಯನ್ ಮಿಷನ್‌ಗಳೇ ಆ ಕೇಂದ್ರಗಳು. ಮುದ್ರಣ, ನಿಘಂಟು, ವ್ಯಾಕರಣ, ಪತ್ರಿಕೆ, ಬೈಬಲ್ ಅನುವಾದ ಮೊದಲಾದ ಭಾಷಾಸೇವೆಯ ವಿಷಯಗಳಿಗೆ ಈ ಅಧ್ಯಯನಗಳಲ್ಲಿ ಪ್ರಾಶಸ್ತ್ಯ ದೊರೆತಿರುವುದು ಸಹಜವೇ ಆಗಿದೆ. ಆದರೆ ಕನ್ನಡ ತೆಲುಗುಗಳು ಬೆರೆತು ಹರಿಯುವ ಪೂರ್ವದ ಬಯಲುಸೀಮೆ ಈ ಚಿತ್ರದ ಅಂಚಿನಲ್ಲಿಯೇ ಉಳಿದಿದೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪ್ರದೇಶದಲ್ಲಿ ಹದಿನೆಂಟನೆಯ ಶತಮಾನದ ಆರಂಭದಷ್ಟು ಹಿಂದೆಯೇ ಕ್ರೈಸ್ತ ಮಿಷನ್ನಿನ ನೆಲೆಯೊಂದಿತ್ತೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಈ ಸೀಮೆಯ ಮಿಷನ್ ಚರಿತ್ರೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಪಾಳೆಯಗಾರರ ಕಾಲದ ಫ್ರೆಂಚ್ ಜೆಸ್ಯೂಟರದು. ಎರಡನೆಯದು ಹತ್ತೊಂಬತ್ತನೆಯ ಶತಮಾನದ ಕ್ಷಾಮದ ಬಳಿಕ ಬಲಗೊಂಡ ಪ್ರಾಟೆಸ್ಟೆಂಟ್ ಮಿಷನ್‌ಗಳದು. ಇವೆರಡರ ನಡುವೆ ಶತಮಾನಕ್ಕೂ ಮಿಕ್ಕಿದ ಅಂತರವಿದೆ. ಪಂಥ, ಭಾಷೆ, ವಿಧಾನಗಳಲ್ಲಿಯೂ ಸಾಮ್ಯವಿಲ್ಲ. ಆದರೂ ಒಂದು ಪ್ರಶ್ನೆ ಎರಡೂ ಘಟ್ಟಗಳಿಗೆ ಸಮಾನವಾಗಿದೆ. ಹೊಸ ಧರ್ಮವನ್ನು ಸ್ವೀಕರಿಸಿದವರು ಎದುರಿಸಿದ ವಿರೋಧ ಮತ್ತು ಸಂಕಷ್ಟಗಳ ಸ್ವರೂಪವೇನು, ಅವುಗಳ ಬೇರು ಧರ್ಮದಲ್ಲಿತ್ತೋ ಊರಿನ ಆರ್ಥಿಕ ವ್ಯವಸ್ಥೆಯಲ್ಲಿತ್ತೋ ಎಂಬುದೇ ಆ ಪ್ರಶ್ನೆ. ಅದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೀಮೆ ಮತ್ತು ಜನ

ನಂದಿಬೆಟ್ಟದ ಸಾಲಿನ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ಹೊಳೆಗಳು ಹುಟ್ಟುತ್ತವೆ. ಹುಟ್ಟಿದ ನೆಲದಲ್ಲಿ ಅವುಗಳಲ್ಲಿ ಯಾವುದೂ ವರ್ಷವಿಡೀ ಹರಿಯುವುದಿಲ್ಲ. ಹೀಗಾಗಿ ಇಲ್ಲಿನ ಬೇಸಾಯ ಕೆರೆಯ ನೀರನ್ನೂ ಕಪಿಲೆಬಾವಿಯನ್ನೂ ನೆಚ್ಚಿಕೊಂಡು ಬೆಳೆಯಿತು. ಮಳೆ ತಪ್ಪಿದ ವರ್ಷ ಮೊದಲು ಬರಿದಾಗುತ್ತಿದ್ದುದು ಊರಾಚೆಯ ಕೇರಿಗಳ ಒಲೆ.

ರಾಜಕೀಯವಾಗಿ ಈ ಭಾಗ ಆವತಿಯ ಗೌಡರ ವಂಶಕ್ಕೆ ಸೇರಿದ ಪಾಳೆಯಗಾರರ ಆಳ್ವಿಕೆಯಲ್ಲಿತ್ತು. ವಿಜಯನಗರದ ಅಧಿಕಾರ ಕುಗ್ಗಿದ ಮೇಲೆ ಬಿಜಾಪುರದವರು, ಮರಾಠರು, 1687ರಿಂದೀಚೆಗೆ ಶಿರಾದ ಮೊಗಲ್ ಸುಬೇದಾರರು, ಪಶ್ಚಿಮದಿಂದ ಮೈಸೂರಿನ ಒಡೆಯರು, ಹೀಗೆ ಹಲವು ದಿಕ್ಕಿನ ಒತ್ತಡಗಳ ನಡುವೆ ಚಿಕ್ಕಬಳ್ಳಾಪುರದ ಪಾಳೆಯಪಟ್ಟು ತನ್ನ ಅಸ್ತಿತ್ವವನ್ನು ಕಾಯ್ದುಕೊಂಡು ಬಂದಿತ್ತು. 1762ರ ವೇಳೆಗೆ ಹೈದರಾಲಿ ಅದನ್ನು ವಶಪಡಿಸಿಕೊಂಡನು.

ಜನಸಮುದಾಯಗಳ ವಿಷಯದಲ್ಲಿ ಒಂದು ಸ್ಪಷ್ಟನೆ ಅವಶ್ಯ. ಮಿಷನರಿ ಬರವಣಿಗೆಗಳಲ್ಲಿ ದೂರದ, ಕಾಡಿನ, ನಾಗರಿಕತೆಯ ಸೋಂಕಿಲ್ಲದ ಬುಡಕಟ್ಟುಗಳ ಕಲ್ಪನೆ ಮತ್ತೆಮತ್ತೆ ಬರುತ್ತದೆ. ಯುರೋಪಿನ ದಾನಿಗಳ ಮನಸ್ಸನ್ನು ತಟ್ಟಲು ಆ ಕಲ್ಪನೆ ನೆರವಾಗುತ್ತಿತ್ತು. ಚಿಕ್ಕಬಳ್ಳಾಪುರ ಸೀಮೆಗೆ ಅದು ಹೊಂದುವುದಿಲ್ಲ. ಬೇಡ ಅಥವಾ ಬೋಯ ಸಮುದಾಯದವರು ಇಲ್ಲಿ ಪಾಳೆಯಗಾರರ ಸೈನ್ಯದಲ್ಲಿ, ಕಾವಲಿನಲ್ಲಿ, ಬೇಸಾಯದಲ್ಲಿ ನೆಲೆಗೊಂಡಿದ್ದರು. ಮಾದಿಗರೂ ಹೊಲೆಯರೂ ಊರಿಗೆ ಅತ್ಯಗತ್ಯವಾದ ದುಡಿಮೆಯನ್ನು ಮಾಡುತ್ತಲೇ ಊರ ಹೊರಗಿದ್ದರು. ಕೊರಮ, ಲಂಬಾಣಿ ಮೊದಲಾದ ಅಲೆಮಾರಿಗಳು ಸಂತೆಯಿಂದ ಸಂತೆಗೆ ಸಾಗುತ್ತಿದ್ದರು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಪರಿಶಿಷ್ಟ ಜಾತಿಗಳಿಗೂ ಸುಮಾರು ಎಂಟನೆಯ ಒಂದು ಭಾಗ ಪರಿಶಿಷ್ಟ ಪಂಗಡಗಳಿಗೂ ಸೇರಿದೆ. ಇಲ್ಲಿ ದೂರವೆಂಬುದು ಗಾವುದಗಳ ಲೆಕ್ಕದ್ದಲ್ಲ. ಊರಿಗೂ ಕೇರಿಗೂ ನಡುವಿನ ನೂರಿನ್ನೂರು ಮಾರಿನ ಲೆಕ್ಕದ್ದು.

ಮೊದಲ ಘಟ್ಟ: ಕಾವಿಯುಟ್ಟ ಪಾದ್ರಿಗಳು

ಪಾಂಡಿಚೇರಿಯನ್ನು ಕೇಂದ್ರವಾಗಿಸಿಕೊಂಡ ಫ್ರೆಂಚ್ ಜೆಸ್ಯೂಟರು ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಳನಾಡಿನತ್ತ ಸಾಗಿದರು. ಇವರ ಈ ಕಾರ್ಯಕ್ಕೆ ಕರ್ನಾಟಿಕ್ ಮಿಷನ್ ಎಂಬ ಹೆಸರು ಬಂದಿತು. ಇಲ್ಲಿನ ಕರ್ನಾಟಿಕ್ ಎಂಬ ಮಾತು ಇಂದಿನ ಕರ್ನಾಟಕವನ್ನು ಸೂಚಿಸುವುದಿಲ್ಲ. ವಿಜಯನಗರದ ಅರಸರ ಕರ್ಣಾಟಕ ರಾಜ್ಯದ ಉಳಿಕೆಯಾಗಿ ಪೂರ್ವದಲ್ಲಿ ಹರಡಿಕೊಂಡಿದ್ದ, ಬಹುಮಟ್ಟಿಗೆ ತೆಲುಗು ಮಾತನಾಡುವ ನಾಡೇ ಅವರ ಲೆಕ್ಕದ ಕರ್ನಾಟಿಕ್. ಮೋದ್ವಿ, ಬೂಷೆ, ದ ಲಾ ಫೊಂತೇನ್, ಲ ಗಾಕ್ ಮೊದಲಾದವರು ಇದರ ಮೊದಲ ತಲೆಮಾರಿನ ಪಾದ್ರಿಗಳು. ಪುಂಗನೂರಿನ ನೆಲೆಯ ಜೊತೆಗೆ ಚಿಕ್ಕಬಳ್ಳಾಪುರವೂ ಇವರ ಮುಖ್ಯ ನೆಲೆಗಳಲ್ಲಿ ಒಂದಾಯಿತು.

ಎತಿಯೆನ್ ಲ ಗಾಕ್ 1709ರ ಜನವರಿಯಲ್ಲಿ ಬರೆದ ಪತ್ರ ಚಿಕ್ಕಬಳ್ಳಾಪುರದಿಂದಲೇ ಹೊರಟಿತು. ಜೆಸ್ಯೂಟರ ಪತ್ರಗಳ ಪ್ರಸಿದ್ಧ ಫ್ರೆಂಚ್ ಸಂಪುಟಗಳಲ್ಲಿ ಅದು ಪ್ರಕಟವಾಗಿದೆ. ಪತ್ರದಲ್ಲಿ ಊರಿನ ಹೆಸರು ಚಿನ್ನಬಳ್ಳಾಪುರವೆಂಬ ತೆಲುಗು ರೂಪದಲ್ಲಿದೆ. ಈ ಸಣ್ಣ ಸಂಗತಿಯಲ್ಲಿ ಮಹತ್ತ್ವದ ಸೂಚನೆಯಿದೆ. ಪಾದ್ರಿಗಳು ಈ ಸೀಮೆಯನ್ನು ಪ್ರವೇಶಿಸಿದ್ದು ಪೂರ್ವದ ದಾರಿಯಿಂದ, ತೆಲುಗಿನ ಮೂಲಕ. ಇದೇ ಸೀಮೆಯ ಕೈವಾರದಲ್ಲಿ ಮುಂದೆ ಯೋಗಿ ನಾರೇಯಣರು ತೆಲುಗು ಕನ್ನಡಗಳೆರಡರಲ್ಲಿಯೂ ರಚನೆ ಮಾಡಿದುದನ್ನು ನೆನೆದರೆ, ಧಾರ್ಮಿಕ ಬೋಧೆಯ ಭಾಷೆಯಾಗಿ ತೆಲುಗಿಗೆ ಇಲ್ಲಿದ್ದ ಸ್ಥಾನ ಮನದಟ್ಟಾಗುತ್ತದೆ.

ಈ ಪಾದ್ರಿಗಳ ಜೀವನಕ್ರಮ ಗಮನಾರ್ಹವಾದುದು. ಮಧುರೆಯಲ್ಲಿ 1606ರಿಂದ ಕಾರ್ಯಪ್ರವೃತ್ತನಾದ ರೋಬೆರ್ತೊ ದೆ ನೊಬಿಲಿ ಹಾಕಿಕೊಟ್ಟ ಮಾರ್ಗವನ್ನು ಇವರು ಅನುಸರಿಸಿದರು. ಮಾಂಸ ಮದ್ಯಗಳನ್ನು ವರ್ಜಿಸಿ, ಸಂನ್ಯಾಸಿಗಳ ಉಡುಪು ಧರಿಸಿ, ಪರಂಗಿಗಳೆಂಬ ಹೆಸರು ತಮಗೆ ಅಂಟದಂತೆ ಎಚ್ಚರ ವಹಿಸಿದರು. ಪರಂಗಿಯೆಂದರೆ ದನದ ಮಾಂಸ ತಿನ್ನುವ, ಆಚಾರವಿಲ್ಲದ ಜನವೆಂಬ ಭಾವನೆ ನಾಡಿನಲ್ಲಿ ಬೇರೂರಿದ್ದುದೇ ಇದಕ್ಕೆ ಕಾರಣ. ಪಾಳೆಯಗಾರನ ಅರಮನೆಯ ಬಾಗಿಲು ತೆರೆಯಲು ಈ ವೇಷ ನೆರವಾಯಿತು. ಕೇರಿಯ ಬಾಗಿಲನ್ನು ತಟ್ಟಲು ಅದೇ ವೇಷ ಅಡ್ಡಿಯಾಯಿತು. ಸಂನ್ಯಾಸಿಯ ಗೌರವ ಉಳಿಯಬೇಕಾದರೆ ಅಸ್ಪೃಶ್ಯರ ಮನೆಗಳಿಗೆ ಹೋಗುವುದು ಸಾಧ್ಯವಿರಲಿಲ್ಲ.

ಈ ಇಕ್ಕಟ್ಟು ರೋಮಿನವರೆಗೂ ಮುಟ್ಟಿತು. ಪೋಪರ ಪ್ರತಿನಿಧಿ ತೂರ್ನೋನ್ 1704ರ ಜೂನ್ ತಿಂಗಳಲ್ಲಿ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ರೋಗಪೀಡಿತರಾದ ಪರೆಯರ ಮನೆಗೆ ಹೋಗಿ ಸಂಸ್ಕಾರ ನೀಡಬೇಕೆಂಬ ವಿಧಿಯೂ ಸೇರಿತ್ತು. ಹತ್ತಾರು ವರ್ಷಗಳ ವಾದವಿವಾದದ ಬಳಿಕ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಹೊರಡಿಸಿದ ಶಾಸನ ಆ ನಿಲುವನ್ನು ಸ್ಥಿರಪಡಿಸಿತು. ಪರೆಯರ ನಡುವೆ ಕೆಲಸ ಮಾಡಲು ಬೇರೆಯೇ ಪಾದ್ರಿಗಳನ್ನು ನೇಮಿಸುವ ಉಪಾಯವನ್ನು ಜೆಸ್ಯೂಟರು ಮುಂದಿಟ್ಟರು. ಜಾತಿಯ ಗೆರೆಯನ್ನು ಅಳಿಸಲಾಗದೆ, ಗೆರೆಯ ಎರಡು ಬದಿಗೂ ಬೇರೆಬೇರೆ ಗುರುಗಳನ್ನು ನಿಲ್ಲಿಸುವ ಕ್ರಮವದು.

ದಾಸರಿಗಳ ವಿರೋಧ

ಲ ಗಾಕ್‌ನ ಪತ್ರದ ಬಹುಭಾಗ ದಾಸರಿಗಳು ಎತ್ತಿದ ವಿರೋಧದ ನಿರೂಪಣೆಗೆ ಮೀಸಲಾಗಿದೆ. ದಾಸರಿಗಳು ವಿಷ್ಣುಭಕ್ತರು, ಮುದ್ರಾಧಾರಣೆ ಮಾಡಿಸಿಕೊಂಡು ಶಂಖ, ಜಾಗಟೆ, ಗರುಡಗಂಬಗಳನ್ನು ಹಿಡಿದು ಭಿಕ್ಷೆ ಬೇಡುವವರು. ಅವರು ಒಂದೇ ಜಾತಿಗೆ ಸೇರಿದವರಲ್ಲ; ಶೂದ್ರ ಜಾತಿಗಳಿಂದಲೂ ಅಸ್ಪೃಶ್ಯ ಜಾತಿಗಳಿಂದಲೂ ದಾಸದೀಕ್ಷೆ ಪಡೆಯುವುದಿತ್ತು. ಮಿಷನರಿಯ ದೃಷ್ಟಿಯಲ್ಲಿ ಇದು ಸತ್ಯಧರ್ಮದ ಮೇಲೆ ಅಜ್ಞಾನ ನಡೆಸಿದ ಹಿಂಸೆ. ಚರಿತ್ರೆಯ ವಿದ್ಯಾರ್ಥಿ ಅಷ್ಟಕ್ಕೇ ನಿಲ್ಲಲಾಗದು.

ಸಾವಿನ ಮನೆಯ ಕರ್ಮ, ಹರಿಸೇವೆ, ಶ್ರಾವಣ ಶನಿವಾರದ ಪಡಿ ಇವೆಲ್ಲ ದಾಸಯ್ಯನ ಹಕ್ಕುಗಳು. ಒಂದು ಮನೆತನ ಕ್ರೈಸ್ತಮತಕ್ಕೆ ಸೇರಿದರೆ ಅಷ್ಟರಮಟ್ಟಿಗೆ ದಾಸಯ್ಯನ ಭವನಾಸಿ ಬರಿದಾಗುತ್ತಿತ್ತು. ಅದಕ್ಕೂ ಮಿಗಿಲಾಗಿ, ಕೆಳಜಾತಿಯವನಿಗೆ ಗೌರವದ ಸ್ಥಾನ ದೊರಕಿಸಿಕೊಡುತ್ತಿದ್ದ ಕೆಲವೇ ದಾರಿಗಳಲ್ಲಿ ದಾಸದೀಕ್ಷೆಯೂ ಒಂದಾಗಿತ್ತು. ಅದೇ ಜನರಿಗೆ ಇನ್ನೊಂದು ದೀಕ್ಷೆಯನ್ನು ನೀಡಲು ಕಾವಿಯುಟ್ಟ ಹೊಸಬನೊಬ್ಬ ಬಂದು ನಿಂತಾಗ ಘರ್ಷಣೆ ಅನಿವಾರ್ಯವಾಯಿತು. ಆದುದರಿಂದ 1709ರ ಪ್ರತಿರೋಧವನ್ನು ಎರಡು ಧರ್ಮಗಳ ನಡುವಿನ ಯುದ್ಧವೆನ್ನುವುದಕ್ಕಿಂತ ಒಂದೇ ಜನವರ್ಗದ ಮೇಲಿನ ಗುರುತ್ವಕ್ಕಾಗಿ ಇಬ್ಬರು ಗುರುಗಳ ನಡುವೆ ನಡೆದ ಪೈಪೋಟಿಯೆಂದು ಗ್ರಹಿಸುವುದು ಹೆಚ್ಚು ಸಮಂಜಸವೆನಿಸುತ್ತದೆ.

ಇಂತಹ ಸಂದರ್ಭದಲ್ಲಿ ಮಿಷನ್ನಿನ ಅಳಿವು ಉಳಿವು ಪಾಳೆಯಗಾರನ ಕೃಪೆಯನ್ನು ಅವಲಂಬಿಸಿತ್ತು. ಆ ಕೃಪೆಯೂ ನಿಷ್ಕಾರಣವಾದುದಲ್ಲ. 1718ರ ಡಿಸೆಂಬರಿನಲ್ಲಿ ಲ ಗಾಕ್ ಪಾಂಡಿಚೇರಿಯ ಗವರ್ನರ್ ಎಬೇರನಿಗೆ ಪತ್ರ ಬರೆದನು. ಬೆಟ್ಟದ ಬುಡದ ಸಂನ್ಯಾಸಿಗೂ ಕರಾವಳಿಯ ಫ್ರೆಂಚ್ ಅಧಿಕಾರಕ್ಕೂ ಇದ್ದ ನಂಟನ್ನು ಆ ಪತ್ರ ತೋರಿಸುತ್ತದೆ. ಸುತ್ತಲೂ ಬಲಿಷ್ಠರಿಂದ ಆವೃತನಾದ ಚಿಕ್ಕ ಪಾಳೆಯಗಾರನಿಗೆ ಇಂತಹ ನಂಟುಳ್ಳವನನ್ನು ತನ್ನ ಊರಿನಲ್ಲಿ ಇರಗೊಡುವುದು ನಷ್ಟದ ವ್ಯವಹಾರವಾಗಿರಲಿಲ್ಲ.

ಈ ಮಿಷನ್ನಿನಿಂದ ವಿದ್ವತ್ತಿಗೆ ದೊರೆತ ಕೊಡುಗೆ ದೊಡ್ಡದು. ಇದೇ ಬಳಗಕ್ಕೆ ಸೇರಿದ ಜಾನ್ ಕಾಲ್ಮೆತ್ ವೇದಗಳ ಹಸ್ತಪ್ರತಿಗಳನ್ನು ದೊರಕಿಸಿ 1730ರ ದಶಕದಲ್ಲಿ ಪ್ಯಾರಿಸ್ಸಿನ ರಾಜಗ್ರಂಥಾಲಯಕ್ಕೆ ಸಲ್ಲುವಂತೆ ಮಾಡಿದನು. ತೆಲುಗು ವಿದ್ವಾಂಸನಾದ ಕೂರ್ದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಾಂಧವ್ಯವನ್ನು ಕುರಿತು 1767ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಗೆ ಬರೆದನು. ವಿಲಿಯಂ ಜೋನ್ಸನ ಪ್ರಸಿದ್ಧ ಭಾಷಣಕ್ಕೆ ಇದು ಹತ್ತೊಂಬತ್ತು ವರ್ಷ ಹಿಂದಿನದು. ಅಬ್ಬೆ ದುಬ್ವಾ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಹಿಂದೂ ಆಚಾರ ವ್ಯವಹಾರಗಳ ಗ್ರಂಥ ಕೂರ್ದುವಿನ ಬರಹವನ್ನೇ ಬಹಳಮಟ್ಟಿಗೆ ಆಧರಿಸಿದೆಯೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಹೀಗೆ ಈ ನಾಡಿನ ಶಾಸ್ತ್ರ, ಭಾಷೆ, ಆಚಾರಗಳು ಯುರೋಪಿನ ಜ್ಞಾನಭಂಡಾರವನ್ನು ಸೇರಿದವು.

ಜೆಸ್ಯೂಟರ ಕಾರ್ಯಕ್ಕೆ ಕೊನೆ ಬಂದುದು ದಾಸರಿಗಳಿಂದಲ್ಲ. 1764ರಲ್ಲಿ ಫ್ರಾನ್ಸಿನಲ್ಲಿಯೂ 1773ರಲ್ಲಿ ಪೋಪರ ಆಜ್ಞೆಯಿಂದ ಎಲ್ಲೆಡೆಯೂ ಜೆಸ್ಯೂಟ್ ಸಂಘ ರದ್ದಾಯಿತು. 1776ರಲ್ಲಿ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘ ಅವರ ನೆಲೆಗಳನ್ನು ವಹಿಸಿಕೊಂಡಿತು. ಆ ವೇಳೆಗಾಗಲೇ ಪಾಳೆಯಪಟ್ಟು ಅಳಿದು, ಹೈದರ್, ಮರಾಠ, ಇಂಗ್ಲಿಷರ ಸೈನ್ಯಗಳು ಈ ಬಯಲನ್ನು ಹಲವು ಬಾರಿ ತುಳಿದಿದ್ದವು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಆಶ್ರಯ ನೀಡುವ ಅರಸನಿಲ್ಲದೆ, ಬರುವ ಗುರುವಿಲ್ಲದೆ ಹಳೆಯ ನೆಲೆ ಸೊರಗಿತು.

ಎರಡನೆಯ ಘಟ್ಟ: ಕ್ಷಾಮ, ಶಾಲೆ, ಆಸ್ಪತ್ರೆ

ಲಂಡನ್ ಮಿಷನರಿ ಸೊಸೈಟಿ 1820ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. 1837ರಿಂದ ಐವತ್ತು ವರ್ಷಗಳ ಕಾಲ ಅಲ್ಲಿ ದುಡಿದ ಬೆಂಜಮಿನ್ ರೈಸ್ ಅವರು ಶಾಲಾ ಪಠ್ಯಗಳ ರಚನೆಯಲ್ಲಿಯೂ ಕನ್ನಡ ಬೈಬಲ್ ಪರಿಷ್ಕರಣದಲ್ಲಿಯೂ ಹೆಸರಾದವರು. ಶಾಸನಶಾಸ್ತ್ರಜ್ಞ ಬಿ. ಎಲ್. ರೈಸ್ ಅವರ ಪುತ್ರರು. ಇನ್ನೊಬ್ಬ ಪುತ್ರ ಎಡ್ವರ್ಡ್ ಪಿ. ರೈಸ್ ಲಂಡನ್ ಮಿಷನ್ನಿನ ಪಾದ್ರಿಯಾಗಿ, ಆ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕಬಳ್ಳಾಪುರದ ಕಾರ್ಯಕ್ಷೇತ್ರದೊಡನೆ ಸಂಬಂಧ ಹೊಂದಿದ್ದರು. 1915ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕನ್ನಡ ಸಾಹಿತ್ಯಚರಿತ್ರೆ ವಿದ್ವಾಂಸರಿಗೆ ಸುಪರಿಚಿತ. ಜೆಸ್ಯೂಟರು ತೆಲುಗಿನ ದಾರಿಯಿಂದ ಬಂದ ಊರಿಗೆ ಇವರು ಕನ್ನಡದ ದಾರಿಯಿಂದ ಬಂದರು.

ಈ ಎರಡನೆಯ ಬರವಿನ ಹಿಂದೆ 1876–78ರ ಮಹಾಕ್ಷಾಮದ ನೆರಳಿದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ತೀವ್ರವಾಗಿ ಬಾಧಿತವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಆಗ ಕೋಲಾರದಲ್ಲಿ ಸ್ವತಂತ್ರವಾಗಿ ಕಾರ್ಯ ನಡೆಸುತ್ತಿದ್ದ ಮಿಸ್ ಆನ್‌ಸ್ಟಿ ನೂರಾರು ಅನಾಥ ಮಕ್ಕಳನ್ನು ಸಾಕಿದರು. 1890ರಲ್ಲಿ ಆ ಸಂಸ್ಥೆ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಆಡಳಿತಕ್ಕೆ ಬಂದಿತು. ಹೊಟ್ಟೆಯ ಪಾಡಿಗಾಗಿ ಮತಾಂತರವೆಂಬ ಟೀಕೆ ಈ ಕಾಲದಲ್ಲಿಯೇ ಬಲಗೊಂಡಿತು. ಹಸಿದ ಮಗುವಿಗೆ ಅನ್ನ ದೊರೆಯಬಹುದಾಗಿದ್ದ ಬಾಗಿಲುಗಳು ಎಷ್ಟಿದ್ದವೆಂಬುದನ್ನು ಎಣಿಸದೆ ಮಾಡಿದ ಟೀಕೆಯದು. ಹಾಗೆಯೇ ಆ ಅನ್ನದ ಜೊತೆಯಲ್ಲಿ ಹೆಸರು, ಧರ್ಮ, ನಂಟುಗಳೆಲ್ಲವೂ ಬದಲಾದುವೆಂಬುದನ್ನು ಮಿಷನರಿ ವರದಿಗಳು ಹಗುರವಾಗಿ ಕಂಡವು.

ಜಾತ್ರೆ ಸಂತೆಗಳಲ್ಲಿ ಬೋಧನೆ, ಪುಸ್ತಕಗಳ ಮಾರಾಟ, ಹಳ್ಳಿಯ ಶಾಲೆ, ವೈದ್ಯ ಇವು ಪ್ರಾಟೆಸ್ಟೆಂಟ್ ಮಿಷನ್‌ಗಳ ಸಾಮಾನ್ಯ ಸಾಧನಗಳು. ಇವುಗಳಲ್ಲಿ ಈ ಸೀಮೆಯ ಮೇಲೆ ದೀರ್ಘಕಾಲದ ಪ್ರಭಾವ ಬೀರಿದ್ದು ವೈದ್ಯಸೇವೆ. 1913ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಆರಂಭವಾದ ಮಿಷನ್ ಆಸ್ಪತ್ರೆ ಲಂಡನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ರಾಲ್ಫ್ ವಾರ್ಡ್ಲಾ ಥಾಮ್ಸನ್ ಅವರ ಹೆಸರನ್ನು ಹೊತ್ತಿತು. ಕಡಪ ಜಿಲ್ಲೆಯ ಜಮ್ಮಲಮಡುಗಿನಲ್ಲಿ ಸೇವೆ ಸಲ್ಲಿಸಿದ್ದ ಡಾ. ಟಿ. ವಿ. ಕ್ಯಾಂಬೆಲ್ ಇದರ ಸ್ಥಾಪಕ ವೈದ್ಯರು. 1910ರ ದಶಕದಲ್ಲಿ ಬಂದ ಕಿರುರೈಲು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದು ಸಾಲಿಗೆ ಜೋಡಿಸಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಲಂಡನ್ ಮಿಷನ್ನಿನ ಸಭೆಗಳು ಅದರೊಳಗೆ ಸೇರಿದುವು. ಆಸ್ಪತ್ರೆ ಇಂದು ಸಿ.ಎಸ್.ಐ. ಆಸ್ಪತ್ರೆಯೆಂದು ಪರಿಚಿತವಾಗಿದೆ. ರೋಗಿಯಾಗಿ ಬಂದವನಿಗೆ ಜಾತಿಯ ಪ್ರತ್ಯೇಕ ಬಾಗಿಲಿಲ್ಲದ ಸಾರ್ವಜನಿಕ ಸ್ಥಳವೊಂದು ದೊರೆತುದು ಮತಾಂತರದ ಸಂಖ್ಯೆಗಳಿಂದ ಅಳೆಯಲಾಗದ ಬದಲಾವಣೆಯಾಗಿದೆ.

ಆಯ, ಬಾವಿ, ಪಿತ್ರಾರ್ಜಿತ

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ವಿರೋಧದ ಸ್ವರೂಪವೂ ಬದಲಾಗಿತ್ತು. ಇದನ್ನು ಅರಿಯಲು ಕೊಡಗಿನ ನಿದರ್ಶನ ಸಹಕಾರಿ. ಅಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1850ರ ದಶಕದಲ್ಲಿ ಹೊಲೆಯ ಕ್ರೈಸ್ತರಿಗಾಗಿ ಆನಂದಪುರವೆಂಬ ಪ್ರತ್ಯೇಕ ಗ್ರಾಮವನ್ನೇ ನೆಲೆಗೊಳಿಸಿದನು. ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಗಳೂ 1865ರಿಂದ ಹೆಂಚಿನ ಕಾರ್ಖಾನೆಯೂ ಜಾತಿಯಿಂದ ಹೊರಬಿದ್ದವರಿಗೆ ಕೂಲಿ ಕೊಟ್ಟವು. ಅಲ್ಲಿ ಹೊಸ ಧರ್ಮದೊಡನೆ ಹೊಸ ಕಸುಬೂ ಬಂದಿತು.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಅಂತಹ ಉದ್ಯಮ ಬೆಳೆಯಲಿಲ್ಲ. ಕ್ರೈಸ್ತನಾದವನು ಅದೇ ಕೇರಿಯಲ್ಲಿ, ಅದೇ ಜಮೀನ್ದಾರನ ಹೊಲದಲ್ಲಿ ಉಳಿದನು. ಮಾದಿಗ ಕುಟುಂಬ ಕಪಿಲೆಗೆ ತೊಗಲಿನ ಚೀಲವನ್ನೂ ಬೇಸಾಯಕ್ಕೆ ಮಿಣಿಯನ್ನೂ ಒದಗಿಸಿ, ಜಾತ್ರೆಯಲ್ಲಿ ತಮಟೆ ಬಡಿದು, ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿತ್ತು. ಇವು ಬಿಡಿಬಿಡಿಯಾದ ಕೆಲಸಗಳಲ್ಲ. ಒಂದೇ ಒಪ್ಪಂದದ ಭಾಗಗಳು. ಮಾರಮ್ಮನ ಜಾತ್ರೆಯಲ್ಲಿ ತಮಟೆ ಬಡಿಯಲಾರೆನೆಂಬುದು ಕ್ರೈಸ್ತನ ದೃಷ್ಟಿಯಲ್ಲಿ ವಿಶ್ವಾಸದ ಮಾತು. ಊರಿನ ದೃಷ್ಟಿಯಲ್ಲಿ ಒಪ್ಪಂದದ ಭಂಗ. ಆದುದರಿಂದ ಊರಿನ ಪ್ರತೀಕಾರವೂ ಕಣದಲ್ಲಿಯೇ ಎದುರಾಗುತ್ತಿತ್ತು. ಆಯ ನಿಲ್ಲಿಸುವುದು, ಕೂಲಿಗೆ ಕರೆಯದಿರುವುದು, ಸಾಲ ಕೊಡದಿರುವುದು ಇಂತಹ ವ್ಯವಸ್ಥೆಯ ಸಹಜ ಆಯುಧಗಳು. ಬಾವಿಯ ನಿಷೇಧ ಮಾತ್ರ ಹೊಸದಾಗಿ ಬರಬೇಕಾಗಿರಲಿಲ್ಲ. ಅದು ಮೊದಲೇ ಇತ್ತು. ಧರ್ಮ ಬದಲಾದರೂ ಉಳಿಯಿತು.

ಆಸ್ತಿಯುಳ್ಳ ಜಾತಿಗಳಿಂದ ಬಂದವರ ಸಂಕಟ ಬೇರೆಯದು. ಬ್ರಿಟಿಷ್ ಭಾರತದಲ್ಲಿ 1850ರ ಜಾತಿ ಅನರ್ಹತಾ ನಿವಾರಣ ಶಾಸನ ಮತಾಂತರಗೊಂಡವನ ಪಿತ್ರಾರ್ಜಿತ ಹಕ್ಕನ್ನು ರಕ್ಷಿಸುತ್ತಿತ್ತು. 1881ರಲ್ಲಿ ಒಡೆಯರಿಗೆ ಅಧಿಕಾರ ಮರಳಿದ ಬಳಿಕ ಮೈಸೂರು ಸಂಸ್ಥಾನದಲ್ಲಿ ಆ ರಕ್ಷಣೆ ದೊರೆಯದೆ ಹೋದುದು ಮಿಷನ್‌ಗಳ ದೀರ್ಘಕಾಲದ ದೂರಾಗಿತ್ತು. ಗೌರಿಬಿದನೂರಿನಿಂದ ಕೆಲವು ಹರಿದಾರಿ ದೂರದ ಹಿಂದೂಪುರ ಮದರಾಸು ಪ್ರಾಂತಕ್ಕೆ ಸೇರಿತ್ತು. ಗಡಿಯ ಆಚೆ ಉಳಿಯುವ ಹಕ್ಕು ಈಚೆ ಅಳಿಯುತ್ತಿತ್ತು.

ಸ್ವಾತಂತ್ರ್ಯಾನಂತರ ಈ ಗೆರೆ ಬೇರೊಂದು ರೂಪದಲ್ಲಿ ಮುಂದುವರಿಯಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರು ಹೊರಗುಳಿದರು. 1985ರ ಸೂಸೈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಸ್ಥಿತಿಯನ್ನು ಎತ್ತಿಹಿಡಿಯಿತು. ಪರಿಶಿಷ್ಟ ಪಂಗಡಗಳಿಗೆ ಇಂತಹ ಧರ್ಮದ ಷರತ್ತಿಲ್ಲ. 1991ರಲ್ಲಿ ಕರ್ನಾಟಕದ ನಾಯಕ, ಬೇಡ ಮೊದಲಾದ ಹೆಸರುಗಳು ಪಂಗಡಗಳ ಪಟ್ಟಿಗೆ ಸೇರಿದವು. ಇದರ ಫಲವಾಗಿ ಒಂದೇ ಊರಿನ ಒಂದೇ ಸಭೆಯಲ್ಲಿ ಪ್ರಾರ್ಥಿಸುವ ಇಬ್ಬರಲ್ಲಿ ಬೇಡ ಮೂಲದವನಿಗೆ ಮಾನ್ಯತೆ ಉಳಿಯುತ್ತದೆ, ಮಾದಿಗ ಮೂಲದವನಿಗೆ ಅಳಿಯುತ್ತದೆ. ಬುಡಕಟ್ಟು ಮತ್ತು ಜಾತಿ ಎಂಬ ಪದಗಳ ವ್ಯತ್ಯಾಸ ಇಲ್ಲಿ ಪಾರಿಭಾಷಿಕ ಚರ್ಚೆಯಲ್ಲ, ಬದುಕಿನ ಪ್ರಶ್ನೆ.

ಉಪಸಂಹಾರ

ಮಿಷನರಿಯ ಪತ್ರ ಅಥವಾ ವರದಿ ಸ್ವದೇಶದ ಓದುಗರಿಗಾಗಿ, ಅವರ ಪ್ರಾರ್ಥನೆ ಮತ್ತು ದಾನಗಳನ್ನು ಉದ್ದೇಶಿಸಿ ಬರೆದದ್ದು. ಅದರಲ್ಲಿ ಹಿಂಸೆಯೆಲ್ಲ ವಿಶ್ವಾಸಕ್ಕಾಗಿ ಸಹಿಸಿದ ಹಿಂಸೆಯಾಗಿಯೇ ತೋರುವುದು ಸಹಜ. ಇದಕ್ಕೆ ಎದುರಾದ ಬರಹಗಳಲ್ಲಿ ಮತಾಂತರವೆಲ್ಲ ಆಮಿಷದ ಫಲವಾಗಿ ತೋರುತ್ತದೆ. ಎರಡು ನಿರೂಪಣೆಗಳೂ ಒಂದು ವಿಷಯದಲ್ಲಿ ಒಂದಾಗುತ್ತವೆ: ಕೇರಿಯವನಿಗೆ ಸ್ವಂತ ವಿವೇಚನೆಯಿತ್ತೆಂಬುದನ್ನು ಅವು ಪರಿಗಣಿಸುವುದಿಲ್ಲ. ದಾಸದೀಕ್ಷೆಯೋ ಜ್ಞಾನಸ್ನಾನವೋ, ದೊರೆತ ದಾರಿಗಳಲ್ಲಿ ಒಂದನ್ನು ಆಯ್ದು ಅದರ ಬೆಲೆ ತೆತ್ತವನು ಅವನೇ.

ಚಿಕ್ಕಬಳ್ಳಾಪುರ ಸೀಮೆಯ ಸಾಕ್ಷ್ಯ ತೋರಿಸುವಂತೆ, ಹದಿನೆಂಟನೆಯ ಶತಮಾನದಲ್ಲಿ ಗುರುತ್ವದ ಪೈಪೋಟಿಯಾಗಿದ್ದ ವಿರೋಧ ಮುಂದೆ ಊರಿನ ಆಯದ ಪ್ರಶ್ನೆಯಾಯಿತು, ಬಳಿಕ ಆಸ್ತಿಯ ಮತ್ತು ಮಾನ್ಯತೆಯ ಕಾನೂನು ಪ್ರಶ್ನೆಯಾಯಿತು. ಪ್ಯಾರಿಸ್ಸಿಗೆ ಸಾಗಿದ ವೇದದ ಪ್ರತಿಗಳ ಜಾಡನ್ನು ವಿದ್ವಾಂಸರು ಹಿಡಿದಿದ್ದಾರೆ. ಅವೇ ವರ್ಷಗಳಲ್ಲಿ ನಂದಿಯ ಬುಡದ ಕೇರಿಗಳಲ್ಲಿ ಬದುಕನ್ನು ಬದಲಿಸಿಕೊಂಡವರ ಜಾಡನ್ನು ಸಭೆಗಳ ಜ್ಞಾನಸ್ನಾನದ ದಾಖಲೆ, ಆಸ್ಪತ್ರೆಯ ಕಡತ, ಗ್ರಾಮಲೆಕ್ಕ ಮತ್ತು ಕೇರಿಯ ಹಿರಿಯರ ನೆನಪುಗಳಲ್ಲಿ ಹಿಡಿಯಬೇಕಾಗಿದೆ. ಕನ್ನಡ ತೆಲುಗುಗಳೆರಡನ್ನೂ ಬಲ್ಲ ಸಂಶೋಧಕರು ಈ ಕಾರ್ಯಕ್ಕೆ ಮುಂದಾದಲ್ಲಿ, ಈ ಜಿಲ್ಲೆಯ ಚರಿತ್ರೆಗೆ ಮಾತ್ರವಲ್ಲದೆ ಕರ್ನಾಟಕದ ಸಾಮಾಜಿಕ ಚರಿತ್ರೆಗೂ ಹೊಸ ಸಾಮಗ್ರಿ ಒದಗುವುದರಲ್ಲಿ ಸಂದೇಹವಿಲ್ಲ.